ಶುಂಠಿ, ಅರಿಶಿನ ತಳಿಗಳಲ್ಲಿ ರಾಸಾಯನಿಕ ವ್ಯತ್ಯಾಸ

ಶುಂಠಿ, ಅರಿಶಿನ, ಏಲಕ್ಕಿ ಮತ್ತು ಮಾವಿನ ಶುಂಠಿ ಇವೆಲ್ಲವೂ ಜಿಂಜಿಬರೇಸಿ ಎಂಬ ಒಂದೇ ಸಸ್ಯ ಕುಟುಂಬಕ್ಕೆ ಸೇರಿದ ಬೆಳೆಗಳು. ಭತ್ತ, ರಾಗಿ, ಜೋಳಗಳಂತೆ ಇವನ್ನು ಯಾರೂ ಹೊಟ್ಟೆ ತುಂಬಿಸಿಕೊಳ್ಳಲು ಕೊಳ್ಳುವುದಿಲ್ಲ. ಪರಿಮಳ, ಖಾರ, ಬಣ್ಣ ಈ ಮೂರರಲ್ಲಿ ಒಂದಕ್ಕಾಗಿ ಇಲ್ಲವೇ ಎರಡಕ್ಕಾಗಿ ಕೊಳ್ಳುತ್ತಾರೆ. ಆ ಗುಣಗಳನ್ನು ಕೊಡುವ ವಸ್ತುಗಳಾದರೋ ಒಟ್ಟು ತೂಕದಲ್ಲಿ ಅತ್ಯಲ್ಪ ಭಾಗ. ಉಳಿದದ್ದು ನೀರು, ಪಿಷ್ಟ ಮತ್ತು ನಾರು. ನೂರು ಗ್ರಾಂ ಹಸಿಶುಂಠಿಯಲ್ಲಿ ಸುಮಾರು 81 ಗ್ರಾಂ ನೀರೇ ಇರುತ್ತದೆ. ನೂರು ಗ್ರಾಂ ಒಣ ಅರಿಶಿನದಲ್ಲಿ ಸುಮಾರು 69 ಗ್ರಾಂ ಪಿಷ್ಟಾದಿ ವಸ್ತುಗಳಿರುತ್ತವೆ.

ಬಿತ್ತನೆ ಗಡ್ಡೆಯನ್ನು ಆರಿಸುವಾಗ ರೈತರು ಸಾಮಾನ್ಯವಾಗಿ ಕೇಳುವ ಪ್ರಶ್ನೆ ಒಂದೇ: ಎಕರೆಗೆ ಎಷ್ಟು ಮೂಟೆ ಬರುತ್ತದೆ? ಬೆಳೆಯನ್ನು ಹಸಿಯಾಗಿಯೇ ಮಾರುವವರಿಗೆ ಈ ಪ್ರಶ್ನೆ ಸಾಕು. ಆದರೆ ಒಣಗಿಸಿ ಮಾರಬೇಕಾದವರಿಗೆ, ಅಥವಾ ಸತ್ವ ತೆಗೆಯುವ ಕಾರ್ಖಾನೆಗೆ ಕೊಡಬೇಕೆನ್ನುವವರಿಗೆ ಇನ್ನೂ ಎರಡು ಪ್ರಶ್ನೆಗಳಿವೆ. ನೂರು ಕಿಲೋ ಹಸಿಗಡ್ಡೆ ಒಣಗಿದ ಮೇಲೆ ಎಷ್ಟು ಕಿಲೋ ಉಳಿಯುತ್ತದೆ? ಆ ಒಣಗಡ್ಡೆಯಲ್ಲಿ ಕೊಳ್ಳುವವನಿಗೆ ಬೇಕಾದ ವಸ್ತು ಎಷ್ಟಿದೆ? ಈ ಮೂರೂ ಉತ್ತರಗಳನ್ನು ಒಟ್ಟಿಗೆ ಗುಣಿಸಿ ನೋಡಿದಾಗ ತಳಿಗಳ ಸ್ಥಾನ ಅನೇಕ ವೇಳೆ ತಲೆಕೆಳಗಾಗುತ್ತದೆ.

ಅಂಕಿಗಳನ್ನು ಓದುವ ಬಗೆ

ತಳಿಗಳ ಕರಪತ್ರಗಳಲ್ಲಿ ಸುಗಂಧ ತೈಲ, ಓಲಿಯೊರೆಸಿನ್, ನಾರು, ಕುರ್ಕುಮಿನ್ ಎಂಬ ಹೆಸರುಗಳು ಬರುತ್ತವೆ. ಗಡ್ಡೆಯನ್ನು ಪುಡಿಮಾಡಿ ನೀರಿನೊಡನೆ ಕುದಿಸಿದಾಗ ಹಬೆಯ ಜೊತೆ ಹಾರಿಬಂದು, ತಣಿದಾಗ ನೀರಿನ ಮೇಲೆ ತೇಲುವ ಎಣ್ಣೆಯೇ ಸುಗಂಧ ತೈಲ. ಪ್ರಯೋಗಶಾಲೆಯಲ್ಲಿ ಇದನ್ನು ಕ್ಲೆವೆಂಜರ್ ಎಂಬ ಗಾಜಿನ ಉಪಕರಣದಲ್ಲಿ ಅಳೆಯುತ್ತಾರೆ. ಪರಿಮಳವೆಲ್ಲ ಇದರಲ್ಲಿರುತ್ತದೆ, ಆದರೆ ಖಾರವಾಗಲಿ ಅರಿಶಿನದ ಹಳದಿಯಾಗಲಿ ಹಬೆಯೊಡನೆ ಬರುವುದಿಲ್ಲ. ಅವನ್ನು ಪಡೆಯಲು ಪುಡಿಯನ್ನು ಅಸಿಟೋನ್‌ನಂತಹ ದ್ರಾವಕದಲ್ಲಿ ನೆನೆಸಿ, ದ್ರಾವಕವನ್ನು ಆವಿಮಾಡಿ ತೆಗೆಯಬೇಕು. ಆಗ ಉಳಿಯುವ ಜೇನಿನಂತಹ ಮಂದವಾದ ಸತ್ವಕ್ಕೆ ಓಲಿಯೊರೆಸಿನ್ ಎಂದು ಹೆಸರು. ಇದರಲ್ಲಿ ಪರಿಮಳ, ಖಾರ, ಬಣ್ಣ ಎಲ್ಲವೂ ಒಟ್ಟಿಗೆ ಇರುತ್ತವೆ. ಬಿಸ್ಕತ್ತು, ಮಾಂಸ, ಪಾನೀಯಗಳ ಕಾರ್ಖಾನೆಗಳು ಈಗ ಪುಡಿಗಿಂತ ಹೆಚ್ಚಾಗಿ ಇದನ್ನೇ ಬಯಸುತ್ತವೆ. ಯಾವ ದ್ರಾವಕವನ್ನು ಬಳಸಿದರು ಎಂಬುದರ ಮೇಲೆ ಓಲಿಯೊರೆಸಿನ್ ಪ್ರಮಾಣವು ಹೆಚ್ಚು ಕಡಿಮೆಯಾಗುವುದರಿಂದ, ಬೇರೆ ಬೇರೆ ಪ್ರಯೋಗಶಾಲೆಗಳ ಅಂಕಿಗಳನ್ನು ಪಕ್ಕಪಕ್ಕದಲ್ಲಿಟ್ಟು ಹೋಲಿಸುವುದು ಸರಿಯಲ್ಲ.

ಇನ್ನೂ ಮುಖ್ಯವಾದ ಎಚ್ಚರಿಕೆ ಒಂದಿದೆ. ಇಂತಹ ಅಂಕಿಗಳನ್ನು ಬಹುಮಟ್ಟಿಗೆ ಒಣ ತೂಕದ ಲೆಕ್ಕದಲ್ಲಿ ಕೊಟ್ಟಿರುತ್ತಾರೆ. ಒಣಶುಂಠಿಯಲ್ಲಿ ಶೇ. 2 ಸುಗಂಧ ತೈಲ ಇದೆಯೆಂದರೆ, ಅದೇ ಶುಂಠಿ ಹಸಿಯಾಗಿದ್ದಾಗ ಅದರಲ್ಲಿ ಇರುವುದು ಸುಮಾರು ಶೇ. 0.4 ಮಾತ್ರ. ಒಂದು ತಳಿಯ ಹಸಿ ಲೆಕ್ಕವನ್ನು ಇನ್ನೊಂದರ ಒಣ ಲೆಕ್ಕದೊಡನೆ ಹೋಲಿಸಿ ಮೊದಲನೆಯದನ್ನು ಕಳಪೆಯೆಂದು ತಳ್ಳಿಹಾಕುವ ಪ್ರಮಾದ ಆಗಬಾರದು.

ಶುಂಠಿಯ ಖಾರ, ಶುಂಠಿಯ ಪರಿಮಳ

ಹಸಿಶುಂಠಿಯ ಖಾರಕ್ಕೆ ಕಾರಣವಾದ ಮುಖ್ಯ ವಸ್ತುವಿಗೆ ಜಿಂಜಿರಾಲ್ ಎಂದು ಹೆಸರು. ಶುಂಠಿಯನ್ನು ಒಣಗಿಸಿದಾಗ, ಇಲ್ಲವೇ ಬಹುಕಾಲ ಕೂಡಿಟ್ಟಾಗ, ಜಿಂಜಿರಾಲಿನ ಒಂದು ಪಾಲು ನೀರಿನ ಅಂಶವನ್ನು ಕಳೆದುಕೊಂಡು ಶೋಗಾಲ್ ಎಂಬ ಬೇರೊಂದು ವಸ್ತುವಾಗಿ ಮಾರ್ಪಡುತ್ತದೆ. ಇದು ಜಿಂಜಿರಾಲಿಗಿಂತ ಹೆಚ್ಚು ಖಾರ. ಒಣಶುಂಠಿಯ ಕಷಾಯ ಗಂಟಲಿಗೆ ಹಸಿಶುಂಠಿಗಿಂತ ಹೆಚ್ಚು ಚುರುಕಾಗಿ ತಾಗುವುದಕ್ಕೆ ಇದೇ ಕಾರಣ. ಅಡಿಗೆಯಲ್ಲಿ ಚೆನ್ನಾಗಿ ಬೆಂದಾಗ ಜಿಂಜಿರಾಲು ಒಡೆದು ಜಿಂಜಿರೋನ್ ಆಗುತ್ತದೆ. ಇದರ ಖಾರ ಕಡಿಮೆ, ವಾಸನೆ ಹಿತ. ಒಂದೇ ಗಡ್ಡೆ ಚಟ್ನಿಯಲ್ಲಿ ಒಂದು ರುಚಿ, ಸಾರಿನಲ್ಲಿ ಇನ್ನೊಂದು ರುಚಿ ಕೊಡುವುದನ್ನು ಮನೆಯ ಹೆಂಗಸರು ರಸಾಯನಶಾಸ್ತ್ರ ಹುಟ್ಟುವ ಮೊದಲೇ ಬಲ್ಲರು.

ಪರಿಮಳದ ಮುಖ್ಯ ಅಂಶ ಜಿಂಜಿಬರೀನ್. ಇದರ ಜೊತೆಗೆ ಸಿಟ್ರಾಲ್ ಎಂಬ ವಸ್ತು ಇದ್ದರೆ ನಿಂಬೆಯ ಸುಳಿವು ಬರುತ್ತದೆ. ಕೊಚ್ಚಿಯಿಂದ ಹಡಗೇರುವ ಒಣಶುಂಠಿಗೆ ಹೆಸರು ಬಂದದ್ದು ಈ ನಿಂಬೆ ವಾಸನೆಯಿಂದ. ಹಳೆಯ ದಾಸ್ತಾನಿನಲ್ಲಿ ಜಿಂಜಿಬರೀನ್ ಕುಗ್ಗಿ ಅರ್ ಕುರ್ಕುಮೀನ್ ಎಂಬ ವಸ್ತು ಹೆಚ್ಚಾಗುತ್ತದೆ. ಈ ಎರಡರ ಪ್ರಮಾಣವನ್ನು ನೋಡಿ ಶುಂಠಿ ಹಳೆಯದೋ ಹೊಸದೋ ಎಂದು ಪರೀಕ್ಷಕರು ಊಹಿಸಬಲ್ಲರು.

ತಳಿಗಳ ಹೋಲಿಕೆ

ಕೆಳಗಿನ ಪಟ್ಟಿಯಲ್ಲಿರುವುದು ಕಲ್ಲಿಕೋಟೆಯ ಭಾರತೀಯ ಸಾಂಬಾರ ಬೆಳೆಗಳ ಸಂಶೋಧನಾ ಸಂಸ್ಥೆಯು ಪ್ರಕಟಿಸಿರುವ ಅಂಕಿಗಳು. ಒಣ ಪ್ರಮಾಣವೆಂದರೆ ನೂರು ಕಿಲೋ ಹಸಿಶುಂಠಿಯಿಂದ ದೊರೆಯುವ ಒಣಶುಂಠಿಯ ಕಿಲೋಗಳು. ಕೊನೆಯ ಮೂರು ಕಲಮುಗಳು ಒಣ ತೂಕದ ಶೇಕಡಾ ಲೆಕ್ಕದಲ್ಲಿವೆ.

| ತಳಿ | ಹಸಿ ಇಳುವರಿ (ಟನ್/ಹೆಕ್ಟೇರು) | ಒಣ ಪ್ರಮಾಣ (ಶೇ.) | ನಾರು | ಓಲಿಯೊರೆಸಿನ್ | ಸುಗಂಧ ತೈಲ |
|---|---|---|---|---|---|
| ನಾಡಿಯಾ | 28.6 | 22.6 | 3.9 | 5.4 | 1.4 |
| ಮಾರನ್ | 25.2 | 20.0 | 6.1 | 10.0 | 1.9 |
| ಮಹಿಮಾ | 23.2 | 23.0 | 3.3 | 4.5 | 1.7 |
| ವರದಾ | 22.6 | 20.7 | 4.5 | 6.7 | 1.8 |
| ರಿಯೋ ಡಿ ಜನೈರೊ | 17.6 | 20.0 | 5.6 | 10.5 | 2.3 |
| ಸುರವಿ | 17.5 | 23.5 | 4.0 | 10.2 | 2.1 |

ಹಸಿ ಇಳುವರಿಯೊಂದನ್ನೇ ನೋಡಿದರೆ ನಾಡಿಯಾ ಮೊದಲು, ಸುರವಿ ಕೊನೆ. ಒಣಶುಂಠಿಯ ಲೆಕ್ಕಕ್ಕೆ ಬಂದರೂ ನಾಡಿಯಾ ಹೆಕ್ಟೇರಿಗೆ ಸುಮಾರು 6.5 ಟನ್ ಕೊಟ್ಟು ಮುಂದೆಯೇ ಇರುತ್ತದೆ. ಆದರೆ ಇಲ್ಲೇ ಮಹಿಮಾ ತಳಿಯು ಮಾರನ್ ತಳಿಯನ್ನು ಹಿಂದಿಕ್ಕುತ್ತದೆ. ಮಾರನ್ ಎರಡು ಟನ್ ಹೆಚ್ಚು ಹಸಿಶುಂಠಿ ಕೊಟ್ಟರೂ ಒಣಗಿದ ಮೇಲೆ ಉಳಿಯುವುದು ಸುಮಾರು 5 ಟನ್, ಮಹಿಮಾದಲ್ಲಿ 5.3 ಟನ್. ಇನ್ನು ಓಲಿಯೊರೆಸಿನ್ ಲೆಕ್ಕ ಹಾಕಿದರೆ ಚಿತ್ರವೇ ಬೇರೆ. ಮಾರನ್ ಬೆಳೆದ ಒಂದು ಹೆಕ್ಟೇರಿನಿಂದ ಸುಮಾರು 500 ಕಿಲೋ, ಸುರವಿಯಿಂದ 420 ಕಿಲೋ, ರಿಯೋ ಡಿ ಜನೈರೊದಿಂದ 370 ಕಿಲೋ, ನಾಡಿಯಾದಿಂದ 350 ಕಿಲೋ, ಮಹಿಮಾದಿಂದ 240 ಕಿಲೋ ಸತ್ವ ದೊರೆಯುತ್ತದೆ. ಹಸಿ ತೂಕದಲ್ಲಿ ನಾಡಿಯಾಕ್ಕಿಂತ 11 ಟನ್ ಹಿಂದೆ ಬಿದ್ದ ಸುರವಿ, ಸತ್ವದಲ್ಲಿ ಅದನ್ನು ಮೀರಿಸಿರುವುದು ಗಮನಾರ್ಹ.

ಹಾಗೆಂದು ಮಹಿಮಾ ಕೀಳು ತಳಿಯೆಂದು ತಿಳಿಯಬಾರದು. ಅದರಲ್ಲಿ ನಾರು ಶೇ. 3.3 ಮಾತ್ರ. ಶುಂಠಿ ಪೇಸ್ಟು, ಸಕ್ಕರೆಪಾಕದ ಶುಂಠಿ, ಉಪ್ಪಿನಕಾಯಿ ಮಾಡುವವರಿಗೆ ನಾರಿಲ್ಲದ ಗಡ್ಡೆಯೇ ಬೇಕು, ಖಾರ ಹೆಚ್ಚಿರಬೇಕೆಂದಿಲ್ಲ. ಶುಂಠಿ ಪುಡಿ ಮಾಡುವವನು ಒಣ ಪ್ರಮಾಣವನ್ನು ಮತ್ತು ನಾರನ್ನು ನೋಡುತ್ತಾನೆ. ಸತ್ವ ತೆಗೆಯುವವನಿಗೆ ನಾರಿನ ಚಿಂತೆಯಿಲ್ಲ.

ರಿಗೋಡಿ ಬೆಳೆದವರ ಪ್ರಶ್ನೆ

ನಮ್ಮ ರಾಜ್ಯದಲ್ಲಿ ಹಾಸನ, ಕೊಡಗು, ಶಿವಮೊಗ್ಗ ಜಿಲ್ಲೆಗಳಲ್ಲೂ ಪಿರಿಯಾಪಟ್ಟಣ, ಹುಣಸೂರು ಕಡೆಗಳಲ್ಲೂ ಶುಂಠಿಯನ್ನು ಬಹುತೇಕ ಹಸಿಯಾಗಿಯೇ, 60 ಕಿಲೋ ಮೂಟೆಯ ಲೆಕ್ಕದಲ್ಲಿ ಮಾರುತ್ತಾರೆ. ರಿಯೋ ಡಿ ಜನೈರೊ ತಳಿಯನ್ನು ರೈತರು ರಿಗೋಡಿ ಎಂದು ಕರೆದು ತಮ್ಮದಾಗಿ ಮಾಡಿಕೊಂಡಿದ್ದಾರೆ. ಬ್ರೆಜಿಲ್ ದೇಶದ ಪಟ್ಟಣವೊಂದು ಮಲೆನಾಡಿನ ಗದ್ದೆಯಲ್ಲಿ ಹೀಗೆ ಹೆಸರು ಬದಲಿಸಿಕೊಂಡು ನೆಲೆಸಿದೆ! ಗಡ್ಡೆ ದಪ್ಪವಾಗಿ, ನೋಡಲು ಸೊಗಸಾಗಿ ಇರುವುದರಿಂದ ಹಸಿ ಪೇಟೆಗೆ ಈ ತಳಿ ಒಪ್ಪುತ್ತದೆ.

ತೊಡಕು ಬರುವುದು ಹಸಿಶುಂಠಿಯ ಬೆಲೆ ಕುಸಿದಾಗ. ಬೆಲೆ ಬಿದ್ದ ವರ್ಷ ಶುಂಠಿಯನ್ನು ಒಣಗಿಸಿಟ್ಟು ಮುಂದೆ ಮಾರೋಣವೆಂಬ ಯೋಚನೆ ಸಹಜವಾಗಿ ಬರುತ್ತದೆ. ಆಗ ಮೊದಲು ಮಾಡಬೇಕಾದ ಲೆಕ್ಕ ಒಣ ಪ್ರಮಾಣದ್ದು. ಒಂದು ಮೂಟೆ ರಿಗೋಡಿಯಿಂದ ದೊರೆಯುವ ಒಣಶುಂಠಿ 12 ಕಿಲೋ. ನಾಡಿಯಾ ಆದರೆ ಸುಮಾರು ಹದಿಮೂರೂವರೆ ಕಿಲೋ. ಹಸಿಶುಂಠಿ ಕಿಲೋಗೆ 20 ರೂಪಾಯಿ ಇದೆ ಎಂದಿಟ್ಟುಕೊಂಡರೆ, ಒಂದು ಕಿಲೋ ಒಣಶುಂಠಿಯಲ್ಲಿ ಹಸಿಯ ಬೆಲೆಯೇ ರಿಗೋಡಿಗೆ 100 ರೂಪಾಯಿ, ನಾಡಿಯಾಕ್ಕೆ 88 ರೂಪಾಯಿ ಆಗುತ್ತದೆ. ತೊಳೆಯುವ, ಹೆರೆಯುವ, ಎಂಟು ಹತ್ತು ದಿನ ಬಿಸಿಲಿಗೆ ಹರವಿ ಕಾಯುವ ಕೂಲಿ ಇದರ ಮೇಲೆ. ಪೇಟೆಯ ಒಣಶುಂಠಿ ದರ ಇದನ್ನು ಚೆನ್ನಾಗಿ ಮೀರಿದ್ದರೆ ಮಾತ್ರ ಒಣಗಿಸುವುದರಲ್ಲಿ ಅರ್ಥವಿದೆ.

ಎರಡನೆಯ ಲೆಕ್ಕ ಕೊಳ್ಳುವವನದು. ರಿಗೋಡಿಯ ನಾರು ಶೇ. 5.6 ಇರುವುದರಿಂದ ಇಡೀ ಗಡ್ಡೆಯ ಒಣಶುಂಠಿಗೆ ಅದು ಅಷ್ಟು ಮೆಚ್ಚುಗೆಯಾಗದು. ಆದರೆ ಓಲಿಯೊರೆಸಿನ್ ಶೇ. 10.5, ಸುಗಂಧ ತೈಲ ಶೇ. 2.3 ಎಂಬ ಅಂಕಿಗಳು ಪಟ್ಟಿಯಲ್ಲಿ ಎಲ್ಲಕ್ಕಿಂತ ಮೇಲಿವೆ. ಆದ್ದರಿಂದ ರಿಗೋಡಿಯನ್ನು ಒಣಗಿಸುವವರು ಸತ್ವ ತೆಗೆಯುವ ಕಾರ್ಖಾನೆಗಳ ಖರೀದಿದಾರರನ್ನು ಮೊದಲು ವಿಚಾರಿಸುವುದು ಒಳಿತು. ಇದರಲ್ಲಿ ಇನ್ನೊಂದು ಅನುಕೂಲವೂ ಇದೆ. ಶುಂಠಿಯ ಎಣ್ಣೆ ಕೋಶಗಳು ಸಿಪ್ಪೆಯ ಕೆಳಗೇ ಒತ್ತಾಗಿರುತ್ತವೆ. ಸಿಪ್ಪೆಯನ್ನು ಆಳವಾಗಿ ಹೆರೆದರೆ ಎಣ್ಣೆಯೂ ಅದರೊಡನೆ ಹೋಗುತ್ತದೆ. ಸತ್ವ ತೆಗೆಯುವವರಿಗೆ ಸಿಪ್ಪೆ ಸಹಿತವಾದ ಶುಂಠಿ ಒಪ್ಪಿಗೆಯಾಗುವುದರಿಂದ ಹೆರೆಯುವ ಕೂಲಿ ಉಳಿಯುತ್ತದೆ. ಬಿಳಿ ಶುಂಠಿ ಮಾಡುವವರು ಮಾತ್ರ ಹೆರೆಯಲೇಬೇಕು. ಆಗ ಕಬ್ಬಿಣದ ಚಾಕುವಿನ ಬದಲು ಬಿದಿರಿನ ಸೀಳಿನಿಂದ ಮೇಲುಮೇಲೆ ಹೆರೆಯಬೇಕು. ಕಬ್ಬಿಣ ತಾಗಿದ ಕಡೆ ಗಡ್ಡೆ ಕಪ್ಪಾಗುತ್ತದೆ.

ಕೊಯ್ಲಿನ ಕಾಲವೂ ತಳಿಯಷ್ಟೇ ಮುಖ್ಯ. ಯಾವ ತಳಿಯೇ ಆಗಲಿ ಐದಾರು ತಿಂಗಳಲ್ಲಿ ಕಿತ್ತ ಶುಂಠಿ ಎಳೆಯದಾಗಿ, ನಾರು ಕಡಿಮೆಯಿರುತ್ತದೆ. ಪಾಕದ ಶುಂಠಿಗೆ ಇದೇ ತಕ್ಕ ಕಾಲ. ಅನಂತರ ನಾರು ಬಲಿಯುತ್ತ ಹೋಗುತ್ತದೆ. ಒಣಶುಂಠಿಗಾಗಿ ಎಲೆಗಳು ಹಳದಿಯಾಗಿ ಒಣಗತೊಡಗುವ ಎಂಟನೆಯ ತಿಂಗಳ ಸುಮಾರಿಗೆ ಕೀಳಬೇಕು. ಬೆಲೆ ಏರಲೆಂದು ಗಡ್ಡೆಯನ್ನು ನೆಲದಲ್ಲೇ ಬಹುಕಾಲ ಬಿಟ್ಟರೆ ತೂಕ ಹೆಚ್ಚಬಹುದು, ಆದರೆ ತೂಕಕ್ಕೆ ಸರಿಯಾಗಿ ಎಣ್ಣೆ ಹೆಚ್ಚುವುದಿಲ್ಲ, ನಾರು ಮಾತ್ರ ಹೆಚ್ಚುತ್ತದೆ.

ಅರಿಶಿನದ ಬಣ್ಣ

ಅರಿಶಿನಕ್ಕೆ ಹಳದಿ ಬಣ್ಣ ಕೊಡುವ ವಸ್ತುವನ್ನು 1815 ರಲ್ಲಿ ಯುರೋಪಿನ ವಿಜ್ಞಾನಿಗಳಾದ ವೋಗೆಲ್ ಮತ್ತು ಪೆಲೆಟಿಯೆ ಬೇರ್ಪಡಿಸಿ ಕುರ್ಕುಮಿನ್ ಎಂದು ಹೆಸರಿಟ್ಟರು. ಅದರ ರಚನೆ ತಿಳಿಯಲು 1910 ರವರೆಗೆ ಕಾಯಬೇಕಾಯಿತು. ವಾಸ್ತವವಾಗಿ ಇದು ಒಂದೇ ವಸ್ತುವಲ್ಲ, ಒಂದೇ ಮನೆಯ ಮೂವರು. ಕುರ್ಕುಮಿನ್ ಹಿರಿಯ ಪಾಲು. ಅದರ ಜೊತೆಗೆ ಡಿಮೆಥಾಕ್ಸಿ ಕುರ್ಕುಮಿನ್ ಮತ್ತು ಬಿಸ್ ಡಿಮೆಥಾಕ್ಸಿ ಕುರ್ಕುಮಿನ್ ಎಂಬ ಇನ್ನೆರಡು ಇರುತ್ತವೆ. ಸಾಮಾನ್ಯ ಪರೀಕ್ಷೆಯಲ್ಲಿ ಅರಿಶಿನದ ಸತ್ವವನ್ನು ಮದ್ಯಸಾರದಲ್ಲಿ ಕರಗಿಸಿ, ಅದು ಬೆಳಕನ್ನು ಎಷ್ಟು ಹೀರುತ್ತದೆಂದು ಸ್ಪೆಕ್ಟ್ರೊಫೋಟೋಮೀಟರ್ ಎಂಬ ಯಂತ್ರದಲ್ಲಿ ಅಳೆಯುತ್ತಾರೆ. ಈ ಅಳತೆ ಮೂರನ್ನೂ ಕೂಡಿಸಿಯೇ ಹೇಳುತ್ತದೆ. ಅರಿಶಿನದ ಮಣ್ಣು ಮಿಶ್ರಿತವಾದಂತಹ ವಾಸನೆಗೆ ಟರ್ಮೆರೋನ್‌ಗಳೆಂಬ ಬೇರೆ ವಸ್ತುಗಳು ಕಾರಣ. ಬಣ್ಣ ಚೆನ್ನಾಗಿದ್ದರೆ ವಾಸನೆಯೂ ಚೆನ್ನಾಗಿರುತ್ತದೆಂದು ಹೇಳಲಾಗದು.

ಕುರ್ಕುಮಿನ್ ಸುಣ್ಣ ತಾಗಿದೊಡನೆ ಕೆಂಪಾಗುತ್ತದೆ. ಅರಿಶಿನಕ್ಕೆ ಸುಣ್ಣ ಬೆರೆಸಿ ಓಕುಳಿ ನೀರನ್ನೂ ಕುಂಕುಮವನ್ನೂ ಮಾಡುವ ನಮ್ಮ ಮನೆಗಳ ಪದ್ಧತಿ ಇದೇ ಗುಣವನ್ನು ಅವಲಂಬಿಸಿದೆ. ಪ್ರಯೋಗಶಾಲೆಗಳಲ್ಲಿ ಕ್ಷಾರವನ್ನು ಗುರುತಿಸಲು ಅರಿಶಿನದ ಕಾಗದವನ್ನು ಬಳಸುತ್ತಿದ್ದುದೂ ಇದರಿಂದಲೇ. ಹೀಗೆ ಕ್ಷಾರದಲ್ಲಿ ಕೆಂಪಾದ ಕುರ್ಕುಮಿನ್ ಬಹಳ ಹೊತ್ತು ನಿಲ್ಲದೆ ಒಡೆದು ಹಾಳಾಗುತ್ತದೆ. ಬಿಸಿಲಿನ ಬೆಳಕೂ ಅದಕ್ಕೆ ಶತ್ರು.

ಗಡ್ಡೆಯನ್ನು ಮುರಿದು ಒಳಗಿನ ಬಣ್ಣ ನೋಡುವ ರೈತರ ಪರೀಕ್ಷೆ ನಿಷ್ಪ್ರಯೋಜಕವೇನಲ್ಲ. ಕೇಸರಿಗೆ ತಿರುಗಿದ ದಟ್ಟ ಬಣ್ಣವು ಹೆಚ್ಚು ಕುರ್ಕುಮಿನ್ ಇರುವುದರ ಸೂಚನೆ. ಆದರೆ ಶೇ. 4 ಮತ್ತು ಶೇ. 6 ರ ನಡುವಣ ವ್ಯತ್ಯಾಸವನ್ನು ಕಣ್ಣು ಹೇಳಲಾರದು. ಬೆಲೆಯ ವ್ಯತ್ಯಾಸ ಇರುವುದೋ ಅಲ್ಲಿಯೇ.

ಶೇಕಡಾ ಪ್ರಮಾಣ ಮೋಸ ಮಾಡುವ ಬಗೆ

ಕಲ್ಲಿಕೋಟೆಯ ಸಂಸ್ಥೆಯ ಅರಿಶಿನ ತಳಿಗಳಲ್ಲಿ ಸುಗುಣಾ ಎಂಬುದಕ್ಕೆ ಕುರ್ಕುಮಿನ್ ಶೇ. 7.3 ಎಂದು ದಾಖಲಾಗಿದೆ. ತಮಿಳುನಾಡಿನ ಭವಾನಿಸಾಗರದಿಂದ ಬಂದ ಬಿ.ಎಸ್.ಆರ್.-1 ತಳಿಯಲ್ಲಿ ಅದು ಶೇ. 4.2 ಮಾತ್ರ. ಈ ಎರಡು ಅಂಕಿಗಳನ್ನು ಮಾತ್ರ ಕೇಳಿದ ಯಾರಾದರೂ ಸುಗುಣಾವನ್ನೇ ಆರಿಸಿಯಾರು. ಆದರೆ ಪೂರ್ತಿ ಲೆಕ್ಕ ಹೀಗಿದೆ: ಸುಗುಣಾದ ಹಸಿ ಇಳುವರಿ ಹೆಕ್ಟೇರಿಗೆ 29.3 ಟನ್, ಒಣ ಪ್ರಮಾಣ ಶೇ. 12. ಬಿ.ಎಸ್.ಆರ್.-1 ರ ಹಸಿ ಇಳುವರಿ 30.7 ಟನ್, ಒಣ ಪ್ರಮಾಣ ಶೇ. 20.5. ಅಂದರೆ ಒಣ ಅರಿಶಿನ ಮೊದಲನೆಯದರಲ್ಲಿ 3.5 ಟನ್, ಎರಡನೆಯದರಲ್ಲಿ 6.3 ಟನ್. ಹೆಕ್ಟೇರಿಗೆ ಬರುವ ಒಟ್ಟು ಕುರ್ಕುಮಿನ್ ಸುಗುಣಾದಲ್ಲಿ ಸುಮಾರು 257 ಕಿಲೋ, ಬಿ.ಎಸ್.ಆರ್.-1 ರಲ್ಲಿ 264 ಕಿಲೋ. ಬಣ್ಣದ ಒಟ್ಟು ಮೊತ್ತ ಹೆಚ್ಚುಕಡಿಮೆ ಒಂದೇ; ಒಣ ತೂಕ ಮಾತ್ರ ಸುಮಾರು ಇಮ್ಮಡಿ!

ತೂಕ ಮತ್ತು ನೋಟದ ಮೇಲೆ ಹರಾಜಾಗುವ ಪೇಟೆಯಲ್ಲಿ ಸುಗುಣಾ ಬೆಳೆದವರು ಸೋಲುತ್ತಾರೆ. ಕುರ್ಕುಮಿನ್ ಪರೀಕ್ಷಿಸಿ, ಅದರ ಪ್ರಮಾಣಕ್ಕೆ ತಕ್ಕಂತೆ ಕಿಲೋ ದರ ಹೆಚ್ಚಿಸುವ ಖರೀದಿದಾರರಿದ್ದರೆ ಮಾತ್ರ ಕಡಿಮೆ ತೂಕ ಭಾರವಾಗುವುದಿಲ್ಲ. ಸುಗುಣಾದ ಪರವಾಗಿ ಹೇಳಬೇಕಾದ ಮಾತೂ ಒಂದಿದೆ. ಅದು 190 ದಿನಗಳಲ್ಲಿ ಕೊಯ್ಲಿಗೆ ಬರುತ್ತದೆ, ಬಿ.ಎಸ್.ಆರ್.-1 ಕ್ಕೆ 285 ದಿನ ಬೇಕು. ಬಾವಿಯ ನೀರು ಬೇಸಿಗೆಗೆ ಮುಂಚೆಯೇ ಬತ್ತುವ ಹಿಡುವಳಿಯಲ್ಲಿ ಮೂರು ತಿಂಗಳ ನೀರಿನ ಉಳಿತಾಯ ಸಣ್ಣದಲ್ಲ.

ಇವೆರಡರ ನಡುವೆ ಜಗಳವೇ ಬೇಡವೆನ್ನುವಂತೆ ಪ್ರಭಾ ಮತ್ತು ಪ್ರತಿಭಾ ತಳಿಗಳಿವೆ. ಅರಿಶಿನವನ್ನು ಸಾಮಾನ್ಯವಾಗಿ ಗಡ್ಡೆಯಿಂದಲೇ ಬೆಳೆಸುವುದು ರೂಢಿ. ಈ ಎರಡು ತಳಿಗಳನ್ನು ಮಾತ್ರ ಬೀಜದಿಂದ ಹುಟ್ಟಿದ ಸಸಿಗಳಲ್ಲಿ ಆರಿಸಿ ತೆಗೆಯಲಾಯಿತು. ಪ್ರಭಾ ತಳಿಯ ಹಸಿ ಇಳುವರಿ 37.5 ಟನ್, ಒಣ ಪ್ರಮಾಣ ಶೇ. 19.5, ಕುರ್ಕುಮಿನ್ ಶೇ. 6.5. ಪ್ರತಿಭಾದಲ್ಲಿ ಇವು ಕ್ರಮವಾಗಿ 39.1 ಟನ್, ಶೇ. 18.5 ಮತ್ತು ಶೇ. 6.2. ಒಣ ಅರಿಶಿನ ಎರಡರಲ್ಲೂ ಏಳು ಟನ್ನಿಗೆ ಮೇಲೆ. ಒಟ್ಟು ಕುರ್ಕುಮಿನ್ ಸುಮಾರು 475 ಮತ್ತು 450 ಕಿಲೋ. ಅವಧಿಯೂ ಆರೂವರೆ ತಿಂಗಳ ಒಳಗೇ. ಈರೋಡು, ಸೇಲಂ ಎಂಬ ಹೆಸರಿನ ದೀರ್ಘಾವಧಿಯ ಸ್ಥಳೀಯ ಅರಿಶಿನಗಳನ್ನೇ ಬೆಳೆಯುತ್ತ ಬಂದವರು ಒಂದೆರಡು ಗುಂಟೆಯಲ್ಲಾದರೂ ಇವನ್ನು ಹಾಕಿ ನೋಡುವುದು ಯೋಗ್ಯ. ಪೂರ್ತಿ ಹೊಲಕ್ಕೆ ಒಮ್ಮೆಲೇ ಹಾಕಬಾರದು. ಇಲ್ಲಿ ಕೊಟ್ಟಿರುವುದು ಸಂಶೋಧನಾ ಕ್ಷೇತ್ರದ ಇಳುವರಿ. ರೈತನ ಹೊಲದಲ್ಲಿ ಅಷ್ಟೇ ಬರುತ್ತದೆಂದು ನಂಬಿ ಸಾಲ ಮಾಡುವುದು ಜಾಣತನವಲ್ಲ.

ಮೇಘಾಲಯದ ಜೈಂತಿಯಾ ಬೆಟ್ಟಗಳ ಲಕಡಾಂಗ್ ಅರಿಶಿನದ ಹೆಸರು ಈಚಿನ ವರ್ಷಗಳಲ್ಲಿ ಬಹಳ ಕೇಳಿಬರುತ್ತಿದೆ. ಅದರ ಬಣ್ಣ ಪ್ರಸಿದ್ಧವಾದುದೇ ಸರಿ. ಆ ಅರಿಶಿನದಿಂದ ಆರಿಸಿದ ಮೇಘಾ ಟರ್ಮೆರಿಕ್-1 ಎಂಬ ತಳಿಯಲ್ಲಿ ಕುರ್ಕುಮಿನ್ ಶೇ. 6.8 ಇದೆ. ಆದರೆ ಹಸಿ ಇಳುವರಿ 23 ಟನ್, ಒಣ ಪ್ರಮಾಣ ಸುಮಾರು ಶೇ. 16, ಅವಧಿ 300 ದಿನಗಳಿಗೂ ಮೇಲೆ. ಒಟ್ಟು ಕುರ್ಕುಮಿನ್ ಸುಮಾರು 256 ಕಿಲೋ, ಎಂದರೆ ಪ್ರಭಾ ತಳಿಯ ಅರ್ಧಕ್ಕಿಂತ ತುಸು ಹೆಚ್ಚು. ಇದಲ್ಲದೆ ಕುರ್ಕುಮಿನ್ ಪ್ರಮಾಣವು ತಳಿಯಿಂದ ಮಾತ್ರ ನಿರ್ಧಾರವಾಗುವುದಿಲ್ಲ. ಮಣ್ಣು, ಹವೆ, ಕೊಯ್ಲಿನ ವಯಸ್ಸು ಬದಲಾದಂತೆ ಒಂದೇ ತಳಿಯ ಅಂಕಿಯೂ ಬದಲಾಗುತ್ತದೆ. ಹೆಸರಿನ ಮೇಲೆ ಮೋಹಗೊಂಡು ಬಿತ್ತನೆ ಗಡ್ಡೆಗೆ ದುಬಾರಿ ಬೆಲೆ ತೆರುವ ಮೊದಲು, ನಮ್ಮ ನೆಲದಲ್ಲಿ ಬೆಳೆದ ಅದೇ ಗಡ್ಡೆಯ ಪರೀಕ್ಷಾ ವರದಿಯನ್ನು ಕೇಳಬೇಕು.

ಬೇಯಿಸುವಾಗ ಕಳೆದುಕೊಳ್ಳುವುದು

ಒಳ್ಳೆಯ ತಳಿಯ ಗುಣವನ್ನು ಕೆಟ್ಟ ಸಂಸ್ಕರಣೆಯಿಂದ ಹಾಳುಮಾಡುವುದು ಸುಲಭ. ಅರಿಶಿನವನ್ನು ಬೇಯಿಸುವ ಉದ್ದೇಶ ಪಿಷ್ಟವನ್ನು ಅಂಟಾಗಿಸಿ, ಗಡ್ಡೆ ಒಂದೇ ಸಮನಾಗಿ ಒಣಗುವಂತೆ ಮಾಡುವುದು ಮತ್ತು ಬಣ್ಣವನ್ನು ಗಡ್ಡೆಯ ಎಲ್ಲೆಡೆ ಹರಡುವುದು. ಕಿತ್ತ ಮೂರು ನಾಲ್ಕು ದಿನಗಳ ಒಳಗೆ ಈ ಕೆಲಸ ಆಗಬೇಕು. ತಾಯಿಗಡ್ಡೆ ಮತ್ತು ಬೆರಳುಗಡ್ಡೆಗಳನ್ನು ಬೇರ್ಪಡಿಸಿಯೇ ಬೇಯಿಸಬೇಕು. ಒಂದೇ ಕೊಪ್ಪರಿಗೆಗೆ ಎರಡನ್ನೂ ತುಂಬಿದರೆ ದಪ್ಪನೆಯದು ಬೇಯುವಷ್ಟರಲ್ಲಿ ಬೆರಳುಗಳು ಅತಿಯಾಗಿ ಬೆಂದಿರುತ್ತವೆ. ನೊರೆ ಉಕ್ಕಿ, ವಿಶಿಷ್ಟ ವಾಸನೆಯ ಬಿಳಿ ಹಬೆ ಎದ್ದಾಗ, ಕಡ್ಡಿ ಚುಚ್ಚಿದರೆ ಸುಲಭವಾಗಿ ಒಳಹೋಗುವಾಗ ಇಳಿಸಬೇಕು. ಸಾಮಾನ್ಯವಾಗಿ ಇದಕ್ಕೆ 45 ರಿಂದ 60 ನಿಮಿಷ ಸಾಕು. ಅತಿಯಾಗಿ ಬೆಂದರೆ ಬಣ್ಣ ಕೆಡುತ್ತದೆ, ಕಡಿಮೆ ಬೆಂದರೆ ಒಣಗಡ್ಡೆ ಪುಡಿಪುಡಿಯಾಗಿ ಒಡೆಯುತ್ತದೆ. ನೀರಿಗೆ ಸೋಡಾ, ಸುಣ್ಣ ಬೆರೆಸುವ ಹಳೆಯ ಪದ್ಧತಿ ಈಗ ಬೇಕಿಲ್ಲ. ಕ್ಷಾರದಿಂದ ಬಣ್ಣ ಮೇಲ್ನೋಟಕ್ಕೆ ಕೆಂಪಗೆ ಕಂಡರೂ ಕುರ್ಕುಮಿನ್ನಿಗೆ ಆಗುವುದು ನಷ್ಟವೇ.

ಹೊಳಪು ಕೊಡುವಾಗ ಸೀಸದ ಕ್ರೋಮೇಟ್ ಎಂಬ ಹಳದಿ ಬಣ್ಣವನ್ನು ಹಚ್ಚುವ ದುರಭ್ಯಾಸ ಕೆಲವೆಡೆ ಕಂಡುಬಂದಿದೆ. ಸೀಸವು ವಿಷ. ಮಕ್ಕಳ ಮಿದುಳಿನ ಬೆಳವಣಿಗೆಗೆ ಅದು ಹಾನಿ ಮಾಡುತ್ತದೆ. ಕಾನೂನಿನಲ್ಲಿ ಅದಕ್ಕೆ ಅವಕಾಶವಿಲ್ಲ. ಕುರ್ಕುಮಿನ್ ಕಡಿಮೆಯಿರುವ ಗಡ್ಡೆಯನ್ನು ಚೆಲುವಾಗಿ ತೋರಿಸಲು ಹೊರಟವರೇ ಇಂತಹ ದಾರಿ ಹಿಡಿಯುವುದು. ಬಣ್ಣವುಳ್ಳ ತಳಿ ಬೆಳೆದವರಿಗೆ ಅದರ ಗೊಡವೆಯೇ ಬೇಡ.

ಮಾವಿನ ಶುಂಠಿ, ಕಸ್ತೂರಿ ಅರಿಶಿನ

ಮಾವಿನ ಶುಂಠಿಯು ಹೆಸರಿಗೆ ಶುಂಠಿಯಾದರೂ ಅರಿಶಿನದ ಹತ್ತಿರದ ಬಂಧು; ಕುರ್ಕುಮಾ ಅಮಡಾ ಎಂಬುದು ಅದರ ಶಾಸ್ತ್ರೀಯ ನಾಮ. ಅದರಲ್ಲಿ ಅರಿಶಿನದ ಬಣ್ಣವೂ ಇಲ್ಲ, ಶುಂಠಿಯ ಖಾರವೂ ಇಲ್ಲ. ಮಿರ್ಸೀನ್, ಆಸಿಮೀನ್ ಮೊದಲಾದ ಆವಿಶೀಲ ವಸ್ತುಗಳಿಂದ ಎಳೆ ಮಾವಿನಕಾಯಿಯ ವಾಸನೆ ಬರುತ್ತದೆ. ಇವು ಬಿಸಿಗೆ ಬೇಗ ಹಾರಿಹೋಗುವುದರಿಂದ ಇದನ್ನು ಉಪ್ಪಿನಕಾಯಿ, ಚಟ್ನಿಗಳಲ್ಲಿ ಹಸಿಯಾಗಿ ಬಳಸುವುದೇ ಸೂಕ್ತ.

ಕಸ್ತೂರಿ ಅರಿಶಿನದ ವಿಷಯದಲ್ಲಿ ಹೆಸರಿನ ಗೊಂದಲ ಹೆಚ್ಚು. ಮೈಗೆ ಹಚ್ಚುವ ನಿಜವಾದ ಕಸ್ತೂರಿ ಅರಿಶಿನದ ಗಡ್ಡೆ ಒಳಗೆ ಕೆನೆ ಬಣ್ಣದ್ದು, ಕರ್ಪೂರದ ವಾಸನೆಯುಳ್ಳದ್ದು. ಅದರಲ್ಲಿ ಕುರ್ಕುಮಿನ್ ಅತ್ಯಲ್ಪ. ಅಂಗಡಿಗಳಲ್ಲಿ ಇದೇ ಹೆಸರಿನಲ್ಲಿ ಹಳದಿ ತಿರುಳಿನ ಬೇರೆ ಜಾತಿಯ ಗಡ್ಡೆಗಳನ್ನೂ ಮಾರುತ್ತಾರೆ. ಆಂಧ್ರದಲ್ಲಿ ಅಲ್ಪಾವಧಿಯ ಅಡಿಗೆ ಅರಿಶಿನದ ಒಂದು ಗುಂಪಿಗೇ ಕಸ್ತೂರಿ ಎಂದು ಹೆಸರಿರುವುದು ಮತ್ತೊಂದು ತೊಡಕು.

ಏಲಕ್ಕಿ

ಏಲಕ್ಕಿಯ ಪರಿಮಳವೆಲ್ಲ ಬೀಜದಲ್ಲಿ. ಸಿಪ್ಪೆಯಲ್ಲಿ ಎಣ್ಣೆ ಇಲ್ಲವೆನ್ನಬಹುದು. ಬೀಜದ ಎಣ್ಣೆಯಲ್ಲಿ ಎರಡು ಮುಖ್ಯ ವಸ್ತುಗಳು: ಕರ್ಪೂರದಂತೆ ಮೂಗಿಗೆ ಏರುವ ಸಿನಿಯೋಲ್, ಸಿಹಿಯಾದ ಹೂವಿನ ವಾಸನೆಯ ಟರ್ಪಿನೈಲ್ ಅಸಿಟೇಟ್. ಮಲಬಾರ್ ಬಗೆಯಲ್ಲಿ ಮೊದಲನೆಯದು ತುಸು ಮುಂದು, ಮೈಸೂರು ಬಗೆಯಲ್ಲಿ ಎರಡನೆಯದು. ವಿಚಿತ್ರವೆಂದರೆ ಮೈಸೂರು ಎಂಬ ಹೆಸರಿನ ಬಗೆ ಕೇರಳ ಮತ್ತು ತಮಿಳುನಾಡಿನ ಎತ್ತರದ ಬೆಟ್ಟಗಳಲ್ಲಿ ಬೆಳೆಯುತ್ತದೆ. ಕೊಡಗು, ಸಕಲೇಶಪುರ, ಮೂಡಿಗೆರೆ ಕಡೆ ಹೆಚ್ಚಾಗಿರುವುದು ಮಲಬಾರ್ ಬಗೆ. ಏಲಕ್ಕಿಯ ಬೆಲೆಯನ್ನು ಇಂದಿಗೂ ಹಸಿರು ಬಣ್ಣ ಮತ್ತು ಕಾಯಿಯ ಗಾತ್ರ ನಿರ್ಧರಿಸುವುದರಿಂದ, ಎಣ್ಣೆಯ ಅಂಕಿಗಿಂತ ಗೂಡಿನಲ್ಲಿ ಹದವಾದ ಶಾಖದಿಂದ ಒಣಗಿಸುವುದೇ ಬೆಳೆಗಾರರಿಗೆ ಹೆಚ್ಚು ಹಣ ತರುತ್ತದೆ.

ಮಾದರಿ ಕಳುಹಿಸುವ ಕ್ರಮ

ತಮ್ಮ ಬೆಳೆಯ ಗುಣವನ್ನು ತಿಳಿಯಬಯಸುವ ರೈತರು, ಅದರಲ್ಲೂ ಉತ್ಪಾದಕರ ಸಂಘಗಳ ಮೂಲಕ ಒಟ್ಟಾಗಿ ಮಾರುವವರು, ಮಾರಾಟದ ಮಾತುಕತೆಗೆ ಮೊದಲೇ ಪರೀಕ್ಷೆ ಮಾಡಿಸಬೇಕು. ಪರೀಕ್ಷಾ ವರದಿ ಖರೀದಿದಾರನ ಕೈಯಲ್ಲಿ ಮಾತ್ರ ಇದ್ದರೆ ಬೆಲೆ ಹೇಳುವವನೂ ಅವನೇ ಆಗುತ್ತಾನೆ. ಸಾಂಬಾರ ಮಂಡಳಿಯ ಗುಣಮಟ್ಟ ಪ್ರಯೋಗಶಾಲೆಗಳಲ್ಲಿ ಶುಲ್ಕ ಪಡೆದು ಪರೀಕ್ಷಿಸಿಕೊಡುತ್ತಾರೆ.

ಮಾದರಿಗೆಂದು ಚೆಲುವಾದ ಬೆರಳುಗಳನ್ನು ಆರಿಸಿ ಕಳುಹಿಸಿದರೆ ಬರುವ ವರದಿ ಆ ಬೆರಳುಗಳದ್ದು, ದಾಸ್ತಾನಿನದ್ದಲ್ಲ. ಹತ್ತಾರು ಚೀಲಗಳ ಮೇಲು, ನಡು, ತಳಗಳಿಂದ ಒಂದೊಂದು ಹಿಡಿ ತೆಗೆದು ಒಟ್ಟಿಗೆ ಬೆರೆಸಬೇಕು. ರಾಶಿಯನ್ನು ನಾಲ್ಕು ಭಾಗ ಮಾಡಿ, ಎದುರುಬದುರಿನ ಎರಡು ಭಾಗಗಳನ್ನು ಇಟ್ಟುಕೊಂಡು ಉಳಿದದ್ದನ್ನು ತೆಗೆದುಬಿಡಬೇಕು. ಅರ್ಧ ಕಿಲೋ ಉಳಿಯುವವರೆಗೆ ಹೀಗೆಯೇ ಮುಂದುವರಿಸಬೇಕು. ತಾಯಿಗಡ್ಡೆಯನ್ನೂ ಬೆರಳುಗಡ್ಡೆಯನ್ನೂ ಬೇರೆ ಬೇರೆ ಮಾದರಿಗಳಾಗಿ, ಪುಡಿ ಮಾಡದೆ, ಬೆಳಕು ಮತ್ತು ತೇವ ತಾಗದ ಡಬ್ಬದಲ್ಲಿ ಹಾಕಿ, ತಳಿಯ ಹೆಸರು, ನಾಟಿ ಮಾಡಿದ ಮತ್ತು ಕಿತ್ತ ದಿನಾಂಕ, ಬೇಯಿಸಿದ ವಿಧಾನ ಇವುಗಳನ್ನು ಬರೆದ ಚೀಟಿಯನ್ನು ಒಳಗಿಡಬೇಕು. ಅದೇ ಮಾದರಿಯ ಇನ್ನೊಂದು ಪಾಲನ್ನು ಮೊಹರು ಮಾಡಿ ಮನೆಯಲ್ಲೇ ಇಟ್ಟುಕೊಂಡರೆ, ಖರೀದಿದಾರನ ವರದಿಗೂ ತಮ್ಮ ವರದಿಗೂ ವ್ಯತ್ಯಾಸ ಬಂದಾಗ ಮರುಪರೀಕ್ಷೆಗೆ ಕಳುಹಿಸಲು ಒದಗುತ್ತದೆ.